ಜಮೀನು ಸರ್ಕಾರಕ್ಕೆ ಹೋಗುವಾಗ: ಉತ್ತರ ಕನ್ನಡದವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಜಿಲ್ಲೆಯಷ್ಟು ಯೋಜನೆಗಳಿಗೆ ಜಾಗ ಕೊಟ್ಟ ಜಿಲ್ಲೆ ಕಡಿಮೆ. ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾ ಅಣೆಕಟ್ಟು. ಕೈಗಾ ಅಣುಸ್ಥಾವರ. ಕೊಂಕಣ ರೈಲ್ವೆ. ಕಾರವಾರ, ಅಂಕೋಲಾ ತಾಲ್ಲೂಕಿನ 11,000 ಎಕರೆಗೂ ಹೆಚ್ಚು ನುಂಗಿದ ಸೀಬರ್ಡ್ ನೌಕಾನೆಲೆ. ಮಾಜಾಳಿಯಿಂದ ಭಟ್ಕಳದವರೆಗೆ ಹೆದ್ದಾರಿ 66. ಈಗ ಅಲಗೇರಿ ವಿಮಾನ ನಿಲ್ದಾಣ, ಕೇಣಿ ಬಂದರು, ಶರಾವತಿ ಪಂಪ್ಡ್ ಸ್ಟೋರೇಜ್ ವಿದ್ಯುತ್ ಯೋಜನೆ ಅಂತ ಮತ್ತೆ ಮಾತು ಶುರುವಾಗಿದೆ.

ಮದುವೆಮನೆಯಲ್ಲಿ, ಸೊಸೈಟಿ ಜಗಲಿಯಲ್ಲಿ, ಪತ್ರದಲ್ಲಿ ಜನ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಸುಲಭದ್ದು ಮೊದಲು, ತೊಡಕಿನದ್ದು ಆಮೇಲೆ ಇಟ್ಟಿದ್ದೇನೆ. ನಿಮ್ಮ ಪ್ರಕರಣದ ಕಾಗದ ನೋಡಿ ಹೇಳುವ ವಕೀಲರ ಸಲಹೆಗೆ ಇದು ಬದಲಿ ಅಲ್ಲ. ಆದರೆ ವಕೀಲರ ಹತ್ತಿರ ಹೋಗುವ ಮೊದಲೇ ಅರ್ಧ ಪ್ರಕರಣ ಸೋತಿರುತ್ತದೆ, ಆ ಅರ್ಧವನ್ನಾದರೂ ಉಳಿಸಿಕೊಳ್ಳಬೇಕು.

## ಮೊದಲಿಗೆ

ಜಾಗ ನಮ್ಮದು. ನಾವು ಕೊಡೋದಿಲ್ಲ ಅಂದ್ರೂ ಸರ್ಕಾರ ತಗೊಳ್ಳಬಹುದಾ?

ತಗೊಳ್ಳಬಹುದು. ಆದರೆ ಸುಮ್ನೆ ಬಂದು ಬೇಲಿ ಕಿತ್ತು ತಗೊಳ್ಳುವ ಹಾಗಿಲ್ಲ. ಆಸ್ತಿ ಹಕ್ಕು ಮೊದಲು ಮೂಲಭೂತ ಹಕ್ಕಾಗಿತ್ತು. 1978ರ 44ನೇ ತಿದ್ದುಪಡಿ ಅದನ್ನು ಅಲ್ಲಿಂದ ತೆಗೆದು ಸಂವಿಧಾನದ 300ಎ ವಿಧಿಗೆ ಹಾಕಿತು. ಕಾನೂನಿನ ಅಧಿಕಾರ ಇಲ್ಲದೆ ಯಾರ ಆಸ್ತಿಯನ್ನೂ ಕಸಿದುಕೊಳ್ಳಬಾರದು ಎನ್ನುತ್ತದೆ ಆ ವಿಧಿ.

ಇದನ್ನು ಸುಪ್ರೀಂ ಕೋರ್ಟ್ 2024ರ ಕೋಲ್ಕತ್ತ ನಗರಪಾಲಿಕೆ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ನೋಟಿಸ್ ಕೊಡಬೇಕು, ಆಕ್ಷೇಪ ಕೇಳಬೇಕು, ಕಾರಣ ಕೊಟ್ಟು ತೀರ್ಮಾನಿಸಬೇಕು, ಸಾರ್ವಜನಿಕ ಉದ್ದೇಶ ಇರಬೇಕು, ನ್ಯಾಯವಾದ ಪರಿಹಾರ ಕೊಡಬೇಕು, ಕೆಲಸ ಬೇಗ ಮುಗಿಸಬೇಕು, ಪ್ರಕ್ರಿಯೆ ಪೂರ್ತಿಯಾಗಿ ಮುಗಿದಿರಬೇಕು. ಈ ಏಳರಲ್ಲಿ ಒಂದು ತಪ್ಪಿದರೂ ಪ್ರಶ್ನೆ ಮಾಡಲು ನಿಮಗೆ ಜಾಗ ಉಂಟು.

ಜಮೀನು ಹೋಗ್ತದೆ ಅಂತ ಊರೆಲ್ಲ ಹೇಳ್ತದೆ, ನಮಗೆ ಒಂದು ಕಾಗದವೂ ಬಂದಿಲ್ಲ. ಎಲ್ಲಿ ನೋಡೋದು?

ಕಾಗದ ಮನೆಗೇ ಬರುತ್ತದೆ ಎಂದು ಕಾಯಬೇಡಿ. ಹೆದ್ದಾರಿ ವಿಷಯದಲ್ಲಿ ಮೊದಲ ಅಧಿಸೂಚನೆ ಗೆಜೆಟ್‌ನಲ್ಲಿ ಬರುತ್ತದೆ, ಅದರ ಸಾರಾಂಶ ಎರಡು ಸ್ಥಳೀಯ ಪತ್ರಿಕೆಗಳಲ್ಲಿ ಬರುತ್ತದೆ. ಅಷ್ಟೇ. ಮಗ ಮುಂಬೈಯಲ್ಲಿ, ತಂಗಿ ಗೋವಾದಲ್ಲಿ, ಊರಲ್ಲಿ ವಯಸ್ಸಾದ ಅಮ್ಮ ಒಬ್ಬಳೇ ಇರುವ ಮನೆಗಳಲ್ಲಿ ಆ ಪತ್ರಿಕೆ ಯಾರ ಕಣ್ಣಿಗೂ ಬೀಳುವುದಿಲ್ಲ.

ನೀವೇ ಹುಡುಕಬೇಕು. ಪಹಣಿ ತೆಗೆಸಿ, ಸರ್ವೆ ನಂಬರ್ ಮತ್ತು ಹಿಸ್ಸಾ ನಂಬರ್ ಬರೆದುಕೊಳ್ಳಿ. ಗ್ರಾಮ ಪಂಚಾಯ್ತಿ, ತಹಸೀಲ್ದಾರ್ ಕಚೇರಿ, ಸಹಾಯಕ ಆಯುಕ್ತರ ಕಚೇರಿಯ ನೋಟಿಸ್ ಬೋರ್ಡ್ ನೋಡಿ. ವಿಶೇಷ ಭೂಸ್ವಾಧೀನಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, ಈ ಸರ್ವೆ ನಂಬರ್ ಯಾವುದಾದರೂ ಅಧಿಸೂಚನೆಯಲ್ಲಿ ಇದೆಯೇ ಎಂದು ಕೇಳಿ. ಗದ್ದೆ ಅಂಚಿನಲ್ಲಿ ಯಾರೋ ಹೊಸ ಕಲ್ಲು ನೆಟ್ಟು ಬಣ್ಣ ಬಳಿದಿದ್ದರೆ ಅದೇ ದಿನ ಈ ಅರ್ಜಿ ಹಾಕುವುದು ಒಳ್ಳೆಯದು.

ಯಾವ ಕಾಯ್ದೆ ಅಂತ ಯಾಕೆ ಕೇಳ್ತೀರಿ? ಜಾಗ ಹೋಗೋದು ಹೋಗೋದೇ ಅಲ್ವಾ?

ಕಾಯ್ದೆ ಬದಲಾದರೆ ನಿಮ್ಮ ಕೈಯಲ್ಲಿರುವ ದಿನಗಳೂ ಬದಲಾಗುತ್ತವೆ, ಅದಕ್ಕೆ.

ರಾಷ್ಟ್ರೀಯ ಹೆದ್ದಾರಿಗೆ 1956ರ ಕಾಯ್ದೆ. ಅದರ 3ಎ ಕಲಂನ ಮೊದಲ ಅಧಿಸೂಚನೆ ಪ್ರಕಟವಾದ 21 ದಿನದೊಳಗೆ ಆಕ್ಷೇಪಣೆ. ರೈಲ್ವೆಯ ವಿಶೇಷ ಯೋಜನೆಗೆ 1989ರ ರೈಲ್ವೆ ಕಾಯ್ದೆ, ಅಲ್ಲಿ 30 ದಿನ. ಕೈಗಾರಿಕಾ ಪ್ರದೇಶಕ್ಕೆ ಕೆಐಎಡಿಬಿಯ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) 1966ರ ಕಾಯ್ದೆ, ಅಲ್ಲಿ ನೋಟಿಸ್ ಕೈಗೆ ಬಂದ 30 ದಿನದೊಳಗೆ ಉತ್ತರ. ಇವಾವುದೂ ಅಲ್ಲದಿದ್ದರೆ ಸಾಮಾನ್ಯವಾಗಿ 2013ರ ಭೂಸ್ವಾಧೀನ ಕಾಯ್ದೆ, ಅಲ್ಲಿ 60 ದಿನ. ಈ ಕಾಯ್ದೆ 2014ರ ಜನವರಿ 1ರಿಂದ ಜಾರಿಯಲ್ಲಿದೆ. ಬ್ರಿಟಿಷರ ಕಾಲದ 1894ರ ಕಾಯ್ದೆಯ ಜಾಗಕ್ಕೆ ಬಂದದ್ದು.

ತಲೆತಲಾಂತರದ ಜಮೀನಿನ ಬಗ್ಗೆ ಯೋಚನೆ ಮಾಡಿ ಉತ್ತರ ಬರೆಯಲು 21 ದಿನ ಸಾಲದು. ನನಗೆ ಇದು ದೊಡ್ಡ ಅನ್ಯಾಯವಾಗಿಯೇ ಕಾಣುತ್ತದೆ. ಆದರೆ ಕಾಯ್ದೆ ಹಾಗಿದೆ. ನೋಟಿಸ್ ಕೈಗೆ ಬಂದರೆ ಮೊದಲು ಕಲಂ ಯಾವುದು ನೋಡಿ, ಆಮೇಲೆ ಪ್ರಕಟವಾದ ತಾರೀಕು ನೋಡಿ.

ಆಕ್ಷೇಪಣೆ ಬರೆದ್ರೆ ರಸ್ತೆ ನಿಲ್ತದಾ?

ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೂ ಬರೆಯಲೇಬೇಕು. ಮುಂದೆ ಕೋರ್ಟಿಗೆ ಹೋದಾಗ ಮೊದಲು ಕೇಳುವ ಪ್ರಶ್ನೆ, ನೀವು ಆಗ ಆಕ್ಷೇಪಣೆ ಹಾಕಿದ್ದಿರಾ ಎಂಬುದು.

‘ನಾವು ಬಡವರು, ಜಾಗ ಬಿಡಿ’ ಎಂದು ಬರೆದರೆ ಯಾರೂ ಓದುವುದಿಲ್ಲ. ಸ್ಪಷ್ಟವಾಗಿ ಬರೆಯಿರಿ. ಸರ್ವೆ ನಂಬರ್ ತಪ್ಪಾಗಿದೆ, ಕ್ಷೇತ್ರ ತಪ್ಪಾಗಿದೆ, ಎದುರು ಬದಿಯಲ್ಲಿ ಸರ್ಕಾರಿ ಜಾಗ ಇದೆ, ಬಾವಿ ಹೋದರೆ ಇಷ್ಟು ಮನೆಗೆ ನೀರಿಲ್ಲ, ಚೌಡಿ ಕಟ್ಟೆ ಅಥವಾ ನಾಗಬನ ಉಳಿಯುವ ಹಾಗೆ ರಸ್ತೆಯನ್ನು ಇಷ್ಟು ಸರಿಸಬಹುದು. ನಕ್ಷೆ ಮತ್ತು ಫೋಟೋ ಜೊತೆಗಿಡಿ. ವಿಚಾರಣೆಗೆ ಖುದ್ದಾಗಿ ಹಾಜರಾಗುತ್ತೇನೆ ಎಂದೂ ಬರೆಯಿರಿ. ಒಂದು ಪ್ರತಿಗೆ ಕಚೇರಿ ಸೀಲು ಹಾಕಿಸಿಕೊಂಡು ಬನ್ನಿ. ಸೀಲಿಲ್ಲದ ಆಕ್ಷೇಪಣೆ ಕೊಡದೇ ಇದ್ದ ಹಾಗೇ ಲೆಕ್ಕ.

ಹೆದ್ದಾರಿಯಲ್ಲಿ ಇದಾದ ಮೇಲೆ 3ಡಿ ಘೋಷಣೆ ಬರುತ್ತದೆ. ಅದು ಪ್ರಕಟವಾದ ಕ್ಷಣ ಜಾಗ ಕೇಂದ್ರ ಸರ್ಕಾರದ್ದಾಗುತ್ತದೆ, ಹಣ ಬರುವುದು ಇನ್ನೂ ದೂರ ಇದ್ದರೂ. 3ಎ ಆಗಿ ಒಂದು ವರ್ಷದೊಳಗೆ 3ಡಿ ಬರದಿದ್ದರೆ ಮೊದಲಿನ ಅಧಿಸೂಚನೆ ಬಿದ್ದುಹೋಗುತ್ತದೆ. ಆದ್ದರಿಂದ ಎರಡರ ತಾರೀಕನ್ನೂ ಹೋಲಿಸಿ ನೋಡಿ. ಕೋರ್ಟಿನ ತಡೆಯಾಜ್ಞೆ ಇದ್ದ ಅವಧಿ ಆ ಒಂದು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ.

## ಕಾಗದ, ಹೆಸರು, ಅಳತೆ

ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಉಂಟು. ದುಡ್ಡು ಯಾರಿಗೆ ಬರ್ತದೆ?

ಸದ್ಯಕ್ಕೆ ಯಾರಿಗೂ ಬರುವುದಿಲ್ಲ. ಯಾರಿಗೆ ಕೊಡಬೇಕು ಎಂಬ ತಕರಾರು ಇದ್ದರೆ ಹಣ ಕೋರ್ಟಿಗೋ, ಪರಿಹಾರದ ತಕರಾರು ತೀರ್ಮಾನಿಸುವ ಪ್ರಾಧಿಕಾರಕ್ಕೋ ಹೋಗಿ ಕೂರುತ್ತದೆ. ಕರಾವಳಿಯಲ್ಲಿ ಪರಿಹಾರ ತಡವಾಗಲು ಇದಕ್ಕಿಂತ ದೊಡ್ಡ ಕಾರಣ ನಾನು ಕಂಡಿಲ್ಲ. ಸರ್ಕಾರದ ತಪ್ಪು ಇಲ್ಲಿ ಕಡಿಮೆ, ನಮ್ಮ ಮನೆಗಳ ಆಲಸ್ಯ ಹೆಚ್ಚು.

ಮರಣ ಪತ್ರ, ವಂಶವೃಕ್ಷ ಇಟ್ಟು ಪೌತಿ ಖಾತೆಗೆ, ಅಂದರೆ ತೀರಿಹೋದವರ ಖಾತೆ ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಕೊಡಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳ ಹೆಸರು ಬಿಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಗಟ್ಟಿ ಮಾಡಿದೆ. ಅಕ್ಕನ ಹೆಸರು ಬಿಟ್ಟು ವಂಶವೃಕ್ಷ ಮಾಡಿದರೆ ಅಕ್ಕ ತಕರಾರು ಹಾಕುತ್ತಾಳೆ, ಹಣ ಎಲ್ಲರಿಗೂ ನಿಲ್ಲುತ್ತದೆ. ಮೊದಲೇ ಎಲ್ಲರೂ ಕೂತು ಪಾಲು ಮಾತಾಡಿ ಬರೆದಿಡಿ.

ಗೇಣಿಗೆ ಮಾಡುತ್ತಿದ್ದ ಜಮೀನು. ಒಡೆಯರಿಗೋ ನಮಗೋ?

1974ರ ಭೂಸುಧಾರಣೆಯಲ್ಲಿ ಗೇಣಿದಾರರ ಅರ್ಜಿಯಾದ ನಮೂನೆ 7 ಹಾಕಿ, ಭೂ ನ್ಯಾಯಮಂಡಳಿ ನಿಮ್ಮ ಪರ ತೀರ್ಪು ಕೊಟ್ಟು, ಒಡೆತನದ ಪ್ರಮಾಣಪತ್ರವಾದ ನಮೂನೆ 10 ಸಿಕ್ಕಿದ್ದರೆ ಜಾಗ ನಿಮ್ಮದು. ಪಹಣಿಯಲ್ಲಿ ಹಳೇ ಹೆಸರು ಉಳಿದಿದ್ದರೆ ಆ ಕಾಗದ ತೋರಿಸಿ ತಿದ್ದಿಸಿ. ನಮೂನೆ 10 ಕಳೆದಿದ್ದರೆ ತಾಲ್ಲೂಕು ಕಚೇರಿಯ ದಾಖಲೆ ಕೋಣೆಯಿಂದ ದೃಢೀಕೃತ ಪ್ರತಿ ತೆಗೆಸಿ.

ನಮ್ಮದು ಅತಿಕ್ರಮಣ ಜಾಗ. ಮನೆ ಕಟ್ಟಿ ಎಷ್ಟೋ ವರ್ಷ ಆಯ್ತು, ಪಂಚಾಯ್ತಿಗೆ ಮನೆ ತೆರಿಗೆ ಕಟ್ತೇವೆ. ನಮಗೇನಾದ್ರೂ ಸಿಗ್ತದಾ?

ಜಿಲ್ಲೆಯ ಹೆಚ್ಚಿನ ಭಾಗ ಅರಣ್ಯ. ಹಾಗಾಗಿ ಈ ಪ್ರಶ್ನೆ ಕೇಳದ ಊರಿಲ್ಲ.

ಜಾಗದ ಬೆಲೆ ಸಿಗುವುದು ಕಷ್ಟ. ಯಾಕೆಂದರೆ ಅದು ದಾಖಲೆಯಲ್ಲಿ ಸರ್ಕಾರದ್ದು. ಆದರೆ ಬರಿಗೈಯಲ್ಲಿ ಎದ್ದು ಹೋಗಬೇಕು ಎಂದೇನೂ ಇಲ್ಲ. ನೀವು ಕಟ್ಟಿದ ಮನೆ, ತೋಡಿದ ಬಾವಿ, ನೆಟ್ಟ ಮರಗಳ ಬೆಲೆ ಕೇಳಿ ಅರ್ಜಿ ಕೊಡಿ. 2013ರ ಕಾಯ್ದೆಯಲ್ಲಿ ‘ಬಾಧಿತ ಕುಟುಂಬ’ ಎಂದರೆ ಜಮೀನಿನ ಮಾಲೀಕ ಮಾತ್ರ ಅಲ್ಲ. ಸ್ವಂತ ನಿವೇಶನ ಇಲ್ಲದೆ ಆ ಪ್ರದೇಶದಲ್ಲಿ ಮೂರು ವರ್ಷಕ್ಕೆ ಕಡಿಮೆ ಇಲ್ಲದೆ ವಾಸವಿದ್ದ ಕುಟುಂಬ ಸ್ಥಳಾಂತರ ಆಗುವುದಾದರೆ, ಪುನರ್ವಸತಿಯಲ್ಲಿ ಮನೆ ಕೇಳಬಹುದು.

ಅರಣ್ಯ ಹಕ್ಕು ಕಾಯ್ದೆಯಲ್ಲಿ ಹಕ್ಕುಪತ್ರ ಸಿಕ್ಕಿದ್ದರೆ ನೀವು ಭೂಮಾಲೀಕರ ಲೆಕ್ಕಕ್ಕೇ ಸೇರುತ್ತೀರಿ. ಅರ್ಜಿ ಇನ್ನೂ ಬಾಕಿ ಇದ್ದರೆ ಅದರ ಸ್ವೀಕೃತಿ, ಅರಣ್ಯ ಹಕ್ಕು ಸಮಿತಿಯ ನಿರ್ಣಯ ಎಲ್ಲ ಕಡತಕ್ಕೆ ಸೇರಿಸಿ. ಪರಿಶಿಷ್ಟ ಪಂಗಡದವರಿಗೆ 2005ರ ಡಿಸೆಂಬರ್ 13ಕ್ಕೆ ಮೊದಲಿನ ಸ್ವಾಧೀನ ತೋರಿಸಿದರೆ ಸಾಕು. ಉಳಿದವರಿಗೆ ಮೂರು ತಲೆಮಾರು, ಅಂದರೆ 75 ವರ್ಷದ ವಾಸದ ಸಾಕ್ಷಿ ಬೇಕು. ನಮ್ಮಲ್ಲಿ ಎಷ್ಟೋ ಅರ್ಜಿ ತಿರಸ್ಕಾರವಾಗುವುದು ಈ 75ರ ಸಾಕ್ಷಿಗೆ.

ಶಿರಸಿ ಕಡೆ ನಮ್ಮ ತೋಟಕ್ಕೆ ಸೊಪ್ಪಿನ ಬೆಟ್ಟ ಉಂಟು. ರಸ್ತೆ ಅಗಲ ಮಾಡುವಾಗ ಬೆಟ್ಟ ಹೋದ್ರೆ?

ಬೆಟ್ಟದ ಒಡೆತನ ಸರ್ಕಾರದ್ದು, ಸೊಪ್ಪು, ದರಕು (ಒಣಗಿದ ಎಲೆ) ತೆಗೆಯುವ ಸವಲತ್ತು ತೋಟದವರದ್ದು. ಆದ್ದರಿಂದ ಮಾಲ್ಕಿ ಜಮೀನಿನಂತೆ ಬೆಲೆ ಸಿಗುತ್ತದೆ ಎಂದುಕೊಳ್ಳಬೇಡಿ. ಆದರೆ ಬೆಟ್ಟ ಇಲ್ಲದೆ ತೋಟಕ್ಕೆ ಗೊಬ್ಬರ ಇಲ್ಲ. ಆ ನಷ್ಟವನ್ನು ತೋಟಕ್ಕಾದ ಹಾನಿ ಎಂದು ಬರೆದು ಕೇಳಿ. ಬೆಟ್ಟ ಯಾವ ತೋಟಕ್ಕೆ ಸೇರಿದ್ದು ಎಂದು ತೋರಿಸುವ ಹಳೇ ದಾಖಲೆ ಇಲ್ಲದೆ ಈ ಬೇಡಿಕೆ ನಿಲ್ಲುವುದಿಲ್ಲ.

ಜಂಟಿ ಅಳತೆಗೆ ಬರ್ತೇವೆ ಅಂತ ಫೋನ್ ಬಂತು. ಯಾರಾದ್ರೂ ಇರಬೇಕಾ?

ಇರಲೇಬೇಕು. ಇಡೀ ಪ್ರಕರಣದಲ್ಲಿ ನಿಮ್ಮ ಕಾಲಿನಡಿ ನಡೆಯುವ ಕೆಲಸ ಇದೊಂದೇ. ಮುಂದಿನದ್ದೆಲ್ಲ ಕಚೇರಿಯಲ್ಲಿ ಕಾಗದದ ಮೇಲೆ ನಡೆಯುತ್ತದೆ. ಅಂದು ಬರೆದ ಪಟ್ಟಿಯೇ ನಿಮ್ಮ ಪರಿಹಾರ.

ಆ ಪಟ್ಟಿ ಹೇಗಿರುತ್ತದೆ ಹೇಳುತ್ತೇನೆ. ‘ತೆಂಗು 6, ಮಾವು 2, ಬಾವಿ 1, ಮನೆ 1’ ಎಂದು ಒಂದೇ ಸಾಲಿನಲ್ಲಿ ಮುಗಿಯುತ್ತದೆ. ತೆಂಗು ಫಲ ಕೊಡುವುದೋ ಸಸಿಯೋ ಬರೆದಿರುವುದಿಲ್ಲ. ಮಾವು ಕಾಟು ಮಾವೋ, ಅಂಕೋಲೆಯ ಕರಿ ಈಶಾಡೋ ಬರೆದಿರುವುದಿಲ್ಲ. ಬಾವಿಗೆ ಚಿರೆಕಲ್ಲಿನ ಕಟ್ಟೆ ಇದೆಯೋ ಇಲ್ಲವೋ ಇಲ್ಲ. ಅಡಿಕೆ ಮರ ಎಣಿಸುತ್ತಾರೆ, ಅದಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ಬಿಡುತ್ತಾರೆ. ಕೊಟ್ಟಿಗೆ, ಬಚ್ಚಲುಮನೆ, ಕಲ್ಲಿನ ಪಾಗಾರ, ಗೊಬ್ಬರಗುಂಡಿ, ಪಂಪ್‌ಸೆಟ್ ಪೈಪು ಎಲ್ಲ ‘ಮನೆ 1’ರಲ್ಲಿ ಅಡಗಿಹೋಗುತ್ತವೆ.

ಹಿಂದಿನ ದಿನವೇ ನೀವೇ ಒಂದು ಪಟ್ಟಿ ಮಾಡಿ. ಪ್ರತಿ ಮರಕ್ಕೆ ನಂಬರ್ ಬರೆದು ಫೋಟೋ ತೆಗೆಯಿರಿ. ಅಡಿಕೆ ಮಾರಿದ ಸೊಸೈಟಿ ಬಿಲ್ಲು, ತೆಂಗಿನಕಾಯಿ ವ್ಯಾಪಾರದ ಚೀಟಿ ಹುಡುಕಿಡಿ. ಅಳತೆಗೆ ಬಂದವರಿಗೆ ನಿಮ್ಮ ಪಟ್ಟಿಯ ಒಂದು ಪ್ರತಿ ಕೊಟ್ಟು ಸಹಿ ಕೇಳಿ. ಅವರ ಮಹಜರು ತಪ್ಪಿದ್ದರೆ ‘ತಕರಾರಿನೊಂದಿಗೆ’ ಎಂದು ಬರೆದು, ತಪ್ಪು ಏನು ಎಂದೂ ಬರೆದು ಸಹಿ ಮಾಡಿ. ಖಾಲಿ ಮಹಜರಿಗೆ, ಪೆನ್ಸಿಲಿನಲ್ಲಿ ಬರೆದದ್ದಕ್ಕೆ ಸಹಿ ಬೇಡವೇ ಬೇಡ, ಬಂದವರು ಪರಿಚಯದವರಾದರೂ ಸರಿ.

ಗಜನಿ, ಅಂದರೆ ಉಪ್ಪುನೀರು ನುಗ್ಗುವ ತಗ್ಗು ಗದ್ದೆ, ಇದ್ದವರು ಇನ್ನೊಂದು ಮಾತು ನೆನಪಿಡಿ. ಕುಮಟಾದ ಅಘನಾಶಿನಿ ಬದಿಯಲ್ಲಿ ಮಳೆಗಾಲಕ್ಕೆ ಕಗ್ಗ ಭತ್ತ, ಆಮೇಲೆ ಮೀನು, ಸಿಗಡಿ. ಅಳತೆಯವರು ಒಂದು ಬೆಳೆಯ ಉಪ್ಪುನೆಲ ಎಂದು ಬರೆದು ಹೋಗುತ್ತಾರೆ. ಮೀನು ಹಿಡಿಯುವ ಹಕ್ಕು ಹರಾಜು ಹಾಕಿದ ಲೆಕ್ಕದ ಪುಸ್ತಕ ಇದ್ದರೆ ಅದನ್ನೂ ಮುಂದಿಡಿ.

ಅರಣ್ಯದಂಚಿನ ಜಮೀನಿಗೆ ಖರಾಬು ಎಂದು ಒಂದಿಷ್ಟು ಕಳೆಯುತ್ತಾರೆ. ‘ಅ’ ಖರಾಬು ಎಂದರೆ ನಿಮ್ಮ ಜಮೀನಿನೊಳಗಿನ ಕಣ, ಕೊಟ್ಟಿಗೆ, ಸಾಗುವಳಿಗೆ ಬಾರದ ಜಾಗ. ‘ಬ’ ಎಂದರೆ ದಾರಿ, ಹಳ್ಳದಂಥ ಸಾರ್ವಜನಿಕ ಜಾಗ. ‘ಬ’ ಬಿಟ್ಟುಬಿಡಿ, ‘ಅ’ ಕೇಳಿ.

## ದುಡ್ಡಿನ ಲೆಕ್ಕ

ಗುಂಟೆಗೆ ಎಷ್ಟು ಅಂತ ಹೇಗೆ ತೀರ್ಮಾನ ಮಾಡ್ತಾರೆ?

2013ರ ಕಾಯ್ದೆಯ ಲೆಕ್ಕ ಇದು. 2015ರ ಜನವರಿಯಿಂದ ಹೆದ್ದಾರಿಗೂ ಇದೇ ಲೆಕ್ಕ, ಪುನರ್ವಸತಿಯ ಪಟ್ಟಿಯೂ ಅನ್ವಯಿಸುತ್ತದೆ.

ಮೊದಲು ಮಾರುಕಟ್ಟೆ ಬೆಲೆ. ನೋಂದಣಿ ಇಲಾಖೆಯ ಮಾರ್ಗಸೂಚಿ ದರ ಒಂದು. ಹತ್ತಿರದ ಅಂಥದೇ ಜಮೀನುಗಳ ಹಿಂದಿನ ಮೂರು ವರ್ಷದ ಕ್ರಯಪತ್ರಗಳ ಸರಾಸರಿ ಇನ್ನೊಂದು. ಖಾಸಗಿ ಅಥವಾ ಖಾಸಗಿ ಸಹಭಾಗಿತ್ವದ ಯೋಜನೆಯಲ್ಲಿ ಒಪ್ಪಿಕೊಂಡ ದರ ಮತ್ತೊಂದು. ಇವುಗಳಲ್ಲಿ ಯಾವುದು ಹೆಚ್ಚೋ ಅದೇ ಬೆಲೆ. ಸರಾಸರಿ ತೆಗೆಯುವಾಗಲೂ ಎಲ್ಲ ಕ್ರಯಪತ್ರ ಅಲ್ಲ, ಬೆಲೆ ಹೆಚ್ಚಿರುವ ಅರ್ಧದಷ್ಟನ್ನು ಮಾತ್ರ ತೆಗೆದುಕೊಳ್ಳಬೇಕು. ಈ ಮಾತು ಬಹಳ ಜನರಿಗೆ ಗೊತ್ತಿಲ್ಲ.

ಆಮೇಲೆ ಗ್ರಾಮೀಣ ಜಾಗಕ್ಕೆ ಪಟ್ಟಣದಿಂದ ಇರುವ ದೂರ ನೋಡಿ 1ರಿಂದ 2ರವರೆಗಿನ ಗುಣಕ. ಅದಕ್ಕೆ ಮರ, ಮನೆ, ಬಾವಿಯ ಬೆಲೆ ಕೂಡಿಸಬೇಕು. ಒಟ್ಟು ಎಷ್ಟಾಯಿತೋ ಅಷ್ಟೇ ಮೊತ್ತ ಮತ್ತೊಮ್ಮೆ ಸೇರಿಸಬೇಕು. ಅದಕ್ಕೆ ಸೊಲೇಷಿಯಂ ಎನ್ನುತ್ತಾರೆ, ಶೇ. 100. ಕೊನೆಗೆ ಮಾರುಕಟ್ಟೆ ಬೆಲೆಯ ಮೇಲೆ ವರ್ಷಕ್ಕೆ ಶೇ. 12ರಂತೆ ಒಂದು ಮೊತ್ತ.

ಲೆಕ್ಕ ಹಾಕಿ ನೋಡೋಣ. 10 ಗುಂಟೆ, ಗುಂಟೆಗೆ 50,000 ಎಂದಿಟ್ಟುಕೊಳ್ಳಿ. ಜಾಗದ ಬೆಲೆ 5 ಲಕ್ಷ. ಗುಣಕ 1.5 ಆದರೆ 7.5 ಲಕ್ಷ. ಮರ ಮತ್ತು ಬಾವಿ 2.5 ಲಕ್ಷ, ಸೇರಿ 10 ಲಕ್ಷ. ಸೊಲೇಷಿಯಂ 10 ಲಕ್ಷ, ಒಟ್ಟು 20 ಲಕ್ಷ. ಒಂದು ವರ್ಷದ ಶೇ. 12 ಎಂದರೆ 60,000. ಕೈಗೆ 20 ಲಕ್ಷ 60 ಸಾವಿರ. ಮರದ ಪಟ್ಟಿಯಲ್ಲಿ ಬಿಟ್ಟುಹೋದ ಪ್ರತಿ ಸಾವಿರ ರೂಪಾಯಿ ನಿಮಗೆ ಎರಡು ಸಾವಿರದ ನಷ್ಟ, ಯಾಕೆಂದರೆ ಸೊಲೇಷಿಯಂ ಅದರ ಮೇಲೂ ಬರುತ್ತಿತ್ತು.

ನಮ್ಮ ಕಡೆಯ ತೊಂದರೆ ಎಂದರೆ ಜಾಗವನ್ನು ಹೆಚ್ಚು ಬೆಲೆಗೆ ಮಾರಿ ಕಡಿಮೆ ಬೆಲೆಗೆ ನೋಂದಣಿ ಮಾಡಿಸುವ ಚಾಳಿ. ಸ್ಟಾಂಪ್ ಶುಲ್ಕ ಉಳಿಸಿದ ಆ ಪತ್ರವೇ ನಾಳೆ ಊರಿಗೆಲ್ಲ ದರ ತಗ್ಗಿಸುತ್ತದೆ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೂರು ವರ್ಷದ ಕ್ರಯಪತ್ರಗಳ ದೃಢೀಕೃತ ಪ್ರತಿ ನೀವೇ ತೆಗೆಸಿ. ಐದಾರು ಮನೆಯವರು ಸೇರಿ ಖರ್ಚು ಹಂಚಿಕೊಂಡರೆ ಭಾರವಾಗುವುದಿಲ್ಲ.

ಪಕ್ಕದ ಊರಿನವರಿಗೆ ನಮಗಿಂತ ಜಾಸ್ತಿ ಕೊಟ್ರು. ಅದೇ ದರ ನಮಗೂ ಕೊಡಬೇಕಲ್ವಾ?

ಹಾಗೆ ನೇರವಾಗಿ ಬರುವುದಿಲ್ಲ. ಹಿಂದಿನ ಸ್ವಾಧೀನದಲ್ಲಿ ಕೊಟ್ಟ ಪರಿಹಾರವನ್ನು ಮಾರುಕಟ್ಟೆ ಬೆಲೆಗೆ ಆಧಾರ ಮಾಡಬಾರದು ಎಂದು ಕಾಯ್ದೆಯೇ ಹೇಳುತ್ತದೆ. ಆದರೆ 2013ರ ಕಾಯ್ದೆಯಲ್ಲಿ ನಿಮ್ಮದೇ ಅಧಿಸೂಚನೆಯ ಇನ್ನೊಬ್ಬರು ಪ್ರಾಧಿಕಾರಕ್ಕೆ ಹೋಗಿ ಹೆಚ್ಚು ಪಡೆದರೆ, ನೀವು ಹೋಗದೇ ಇದ್ದರೂ, ಆ ತೀರ್ಪಿನಿಂದ ಮೂರು ತಿಂಗಳೊಳಗೆ ಅದೇ ದರ ಕೇಳಿ ಜಿಲ್ಲಾಧಿಕಾರಿಗೆ ಅರ್ಜಿ ಕೊಡಬಹುದು. ಆದ್ದರಿಂದ ಪಕ್ಕದ ಮನೆಯವರ ಪ್ರಕರಣ ಎಲ್ಲಿಗೆ ಬಂತು ಎಂದು ಕೇಳುತ್ತಿರಿ.

ಮನೆಯ ಮುಂದಿನ ಅರ್ಧ ಮಾತ್ರ ತಗೊಳ್ತಾರಂತೆ. ಉಳಿದ ಗೋಡೆ ಇಟ್ಟು ಏನು ಮಾಡೋದು?

2013ರ ಕಾಯ್ದೆಯಲ್ಲಿ ಇಡೀ ಮನೆ ತಗೊಳ್ಳಿ ಎಂದು ಒತ್ತಾಯಿಸುವ ಹಕ್ಕಿದೆ. ಐತೀರ್ಪು, ಅಂದರೆ ಪರಿಹಾರ ಎಷ್ಟು ಎಂದು ಅಧಿಕಾರಿ ಹೊರಡಿಸುವ ಆದೇಶ, ಆಗುವ ಮೊದಲೇ ಬರೆದು ಕೊಡಿ. ಹೆದ್ದಾರಿ ಕಾಯ್ದೆಯಲ್ಲಿ ಆದರೆ ಉಳಿದ ಭಾಗಕ್ಕಾಗುವ ಹಾನಿ ಎಂದು ಕೇಳಬೇಕು. ಉಳಿದ ಗೋಡೆ ನಿಲ್ಲುವುದಿಲ್ಲ ಎಂದು ಎಂಜಿನಿಯರ್ ವರದಿ ಇದ್ದರೆ ಮಾತಿಗೆ ತೂಕ.

ಜಾಗ ಹೋಗಿದ್ದು ಎರಡೇ ಗುಂಟೆ, ಆದ್ರೆ ಗದ್ದೆಗೆ ಹೋಗೋ ದಾರಿಯೇ ಮುಚ್ಚಿತು. ಅದಕ್ಕೂ ಪರಿಹಾರ ಉಂಟಾ?

ಉಂಟು. ಕೇಳುವವರು ಕಡಿಮೆ. ಮನೆ ರಸ್ತೆಯ ಪೂರ್ವಕ್ಕೆ, ತೆಂಗಿನ ತೋಟ ಪಶ್ಚಿಮಕ್ಕೆ, ನಡುವೆ ಡಿವೈಡರ್ ಬಂತು. ದನ ಹೊಡೆದುಕೊಂಡು ಹೋಗುವವರು ಕಿಲೋಮೀಟರ್‌ಗಟ್ಟಲೆ ಸುತ್ತಬೇಕು. ಜಮೀನು ಎರಡು ತುಂಡಾದ ನಷ್ಟ, ಉಳಿದ ಜಮೀನಿಗಾದ ಹಾನಿ, ಮನೆ ಅಥವಾ ವ್ಯಾಪಾರದ ಜಾಗ ಬದಲಿಸುವ ಖರ್ಚು, ಇವನ್ನು ಎರಡೂ ಕಾಯ್ದೆಗಳಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಜೊತೆಗೆ ಹೆದ್ದಾರಿ ಕಾಯ್ದೆಯ 3ಜಿ(2) ಪ್ರಕಾರ, ದಾರಿಯಂಥ ಅನುಭೋಗದ ಹಕ್ಕು ಹೋದವರಿಗೆ ಪರಿಹಾರದ ಶೇ. 10 ಕೊಡಬೇಕು, ಜಾಗದ ಮಾಲೀಕರು ಬೇರೆಯವರಾಗಿದ್ದರೂ. ಎಷ್ಟೋ ಐತೀರ್ಪುಗಳಲ್ಲಿ ಈ ಕಾಲಂ ಖಾಲಿ ಇರುತ್ತದೆ, ಯಾಕೆಂದರೆ ಯಾರೂ ಬರೆದು ಕೇಳಿರುವುದಿಲ್ಲ.

ನಮಗೆ ಜಮೀನೇ ಇಲ್ಲ. ದೋಣಿ, ಬಲೆ, ಮೀನು ಒಣಗಿಸೋ ಮರಳು, ಅಷ್ಟೇ. ಬಂದರು ಬಂದ್ರೆ ನಮ್ಮನ್ನ ಯಾರು ಕೇಳ್ತಾರೆ?

ಹೊನ್ನಾವರದ ಕಾಸರಕೋಡ ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಜನ ಬೀದಿಗೆ ಬಂದದ್ದು ಈ ಪ್ರಶ್ನೆ ಹಿಡಿದೇ. ನೀರನ್ನೋ ಕಾಡನ್ನೋ ನಂಬಿ ಮೂರು ವರ್ಷ ಬದುಕಿದ ಕುಟುಂಬ, ಮೀನುಗಾರರು ಮತ್ತು ದೋಣಿ ನಡೆಸುವವರು ಸೇರಿ, 2013ರ ಕಾಯ್ದೆಯಲ್ಲಿ ಬಾಧಿತ ಕುಟುಂಬವೇ. ಪಹಣಿ ಬೇಕಾಗಿಲ್ಲ. ಪುನರ್ವಸತಿ ಪಟ್ಟಿಯಲ್ಲಿ ಉದ್ಯೋಗ, ಇಲ್ಲದಿದ್ದರೆ ಒಮ್ಮೆಗೆ 5 ಲಕ್ಷ, ಇಲ್ಲದಿದ್ದರೆ 20 ವರ್ಷ ತಿಂಗಳಿಗೆ ಕನಿಷ್ಠ 2,000 ಎಂಬ ಆಯ್ಕೆಗಳಿವೆ. ಸ್ಥಳಾಂತರವಾದವರಿಗೆ ಒಂದು ವರ್ಷ ತಿಂಗಳಿಗೆ 3,000, ಸಾಗಣೆಗೆ 50,000 ಇವೆ.

ತೊಡಕು ಇಲ್ಲಿದೆ. ಬಂದರಿಗೆ ಬೇಕಾದ ಮರಳದಂಡೆ ಹೆಚ್ಚಾಗಿ ಸರ್ಕಾರದ್ದೇ. ಸರ್ಕಾರ ತನ್ನ ಜಾಗ ತಾನೇ ಕೊಟ್ಟಾಗ ಸ್ವಾಧೀನವೇ ಇಲ್ಲ ಎಂಬ ವಾದ ಬರುತ್ತದೆ. ಅದಕ್ಕಾಗಿ ದೋಣಿ ನೋಂದಣಿ, ಮೀನುಗಾರರ ಗುರುತಿನ ಚೀಟಿ, ಸಹಕಾರಿ ಸಂಘದ ಮಾರಾಟ ರಸೀದಿ, ಮೀನು ಒಣಗಿಸುವ ಜಾಗದ ಹಳೇ ಫೋಟೋ ಈಗಲೇ ಒಟ್ಟುಮಾಡಿ. ಪರಿಸರ ಅನುಮತಿಯ ಸಾರ್ವಜನಿಕ ಅಹವಾಲು ಸಭೆಯಲ್ಲಿ ಲಿಖಿತವಾಗಿ ಕೊಡಿ, ಕೂಗಿ ಹೇಳಿದ್ದು ದಾಖಲಾಗುವುದಿಲ್ಲ. ಖಾಸಗಿ ಕಂಪನಿಗೆ ಮಾಲ್ಕಿ ಜಮೀನು ಸ್ವಾಧೀನ ಮಾಡುವುದಾದರೆ ಬಾಧಿತ ಕುಟುಂಬಗಳಲ್ಲಿ ಶೇ. 80ರ ಒಪ್ಪಿಗೆ ಬೇಕು, ಸರ್ಕಾರಿ-ಖಾಸಗಿ ಸಹಭಾಗಿತ್ವವಾದರೆ ಶೇ. 70.

ಚೆಕ್ ತಗೊಂಡ್ರೆ ಒಪ್ಪಿಕೊಂಡ ಹಾಗೆ ಆಗ್ತದಾ?

‘ತಕರಾರಿನೊಂದಿಗೆ ಸ್ವೀಕರಿಸಿದ್ದೇನೆ’ ಎಂದು ಬರೆದು ತಗೊಂಡರೆ ಆಗುವುದಿಲ್ಲ. ಆ ಮಾತು ಬರೆಯದೆ ತಗೊಂಡರೆ 2013ರ ಕಾಯ್ದೆಯಲ್ಲಿ ಹೆಚ್ಚು ಕೇಳುವ ದಾರಿ ಮುಚ್ಚುತ್ತದೆ. ಹೆದ್ದಾರಿ ಹಣಕ್ಕೂ ಹಾಗೇ ಬರೆಯಿರಿ. ಹಣ ಬಿಟ್ಟು ಕೂತು ಹಠ ಮಾಡುವುದರಿಂದ ಲಾಭವಿಲ್ಲ, ಅದು ಠೇವಣಿ ಆಗಿ ಎಲ್ಲೋ ಕೂರುತ್ತದೆ. ‘ಸಹಮತಿ ಪತ್ರ’ ಎಂಬ ತಲೆಬರಹದ ಕಾಗದ ಮಾತ್ರ ಬೇರೆ. ಅದಕ್ಕೆ ಸಹಿ ಹಾಕಿದರೆ ದರಕ್ಕೆ ಒಪ್ಪಿದಂತೆಯೇ.

ಈ ದುಡ್ಡಿಗೆ ಇನ್‌ಕಮ್ ಟ್ಯಾಕ್ಸ್ ಉಂಟಾ?

2013ರ ಕಾಯ್ದೆಯ ಕಲಂ 96ರಲ್ಲಿ ಪರಿಹಾರಕ್ಕೆ ಆದಾಯ ತೆರಿಗೆ ಇಲ್ಲ. ಕೃಷಿಯೇತರ ಜಾಗಕ್ಕೂ ಇದು ಅನ್ವಯಿಸುತ್ತದೆ ಎಂದು 2016ರಲ್ಲಿ ಕೇಂದ್ರ ತೆರಿಗೆ ಮಂಡಳಿ ಸುತ್ತೋಲೆ ಹೊರಡಿಸಿದೆ. ತೆರಿಗೆ ಹಿಡಿದಿದ್ದರೆ ಕಾರಣ ಬರೆದು ಕೇಳಿ, ರಿಟರ್ನ್ ಸಲ್ಲಿಸಿ ವಾಪಸ್ ಕೇಳಬಹುದು. ತಡವಾದದ್ದಕ್ಕೆ ಬರುವ ಬಡ್ಡಿಯ ಲೆಕ್ಕ ಬೇರೆ, ಅದನ್ನು ಆಡಿಟರ್‌ಗೆ ತೋರಿಸಿ.

## ಒಪ್ಪದಿದ್ದರೆ

ಐತೀರ್ಪು ಬಂತು, ದರ ಏನೇನೂ ಸಾಲದು. ಎಲ್ಲಿಗೆ ಹೋಗೋದು?

2013ರ ಕಾಯ್ದೆಯಾದರೆ ಪ್ರಾಧಿಕಾರಕ್ಕೆ ಕಳಿಸಿ ಎಂದು ಜಿಲ್ಲಾಧಿಕಾರಿಗೆ ಅರ್ಜಿ. ಐತೀರ್ಪಿನ ದಿನ ಹಾಜರಿದ್ದರೆ ಆರು ವಾರದೊಳಗೆ. ಇಲ್ಲದಿದ್ದರೆ ನೋಟಿಸ್ ಬಂದ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲೋ ಅದು.

ಹೆದ್ದಾರಿಯಾದರೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ ಮುಂದೆ. ಸಾಮಾನ್ಯವಾಗಿ ಜಿಲ್ಲಾಧಿಕಾರಿಗಳೇ ಮಧ್ಯಸ್ಥಗಾರರು. ಅವರ ತೀರ್ಪೂ ಸರಿಬರದಿದ್ದರೆ ಮೂರು ತಿಂಗಳೊಳಗೆ ಜಿಲ್ಲಾ ನ್ಯಾಯಾಲಯ, ಕಾರಣ ತೋರಿಸಿದರೆ ಹೆಚ್ಚೆಂದರೆ ಇನ್ನು 30 ದಿನ. ಅಲ್ಲಿಂದ ಧಾರವಾಡದ ಹೈಕೋರ್ಟ್ ಪೀಠ.

ಇಲ್ಲಿ ಒಂದು ದೊಡ್ಡ ಗುಂಡಿ ಉಂಟು. ಈ ಹಾದಿಯಲ್ಲಿ ಕೋರ್ಟು ಮಧ್ಯಸ್ಥಗಾರರ ತೀರ್ಪನ್ನು ರದ್ದು ಮಾಡಬಹುದೇ ಹೊರತು ದರ ಹೆಚ್ಚಿಸಲು ಬರುವುದಿಲ್ಲ ಎಂದು 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರಲ್ಲಿ ಸಂವಿಧಾನ ಪೀಠ ತಿದ್ದಲು ಸ್ವಲ್ಪ ಅವಕಾಶ ಕೊಟ್ಟಿದೆ, ಅದೂ ಸೀಮಿತ. ಅಂದರೆ ಕ್ರಯಪತ್ರ, ಫೋಟೋ, ಎಂಜಿನಿಯರ್ ವರದಿ, ಬೆಳೆ ಲೆಕ್ಕ ಎಲ್ಲವನ್ನೂ ಮಧ್ಯಸ್ಥಗಾರರ ಮುಂದೆಯೇ ಇಟ್ಟು ಮುಗಿಸಬೇಕು. ಕೋರ್ಟಿನಲ್ಲಿ ತೋರಿಸಿದರಾಯ್ತು ಎಂದು ಉಳಿಸಿಕೊಂಡ ಕಾಗದ ಕೆಲಸಕ್ಕೆ ಬರುವುದಿಲ್ಲ.

ದುಡ್ಡು ಬರೋ ಮೊದ್ಲೇ ಜೆಸಿಬಿ ಬಂತು. ತಡೀಬಹುದಾ?

ಹೆದ್ದಾರಿ ಕಾಯ್ದೆಯಲ್ಲಿ ಹಣ ಠೇವಣಿ ಆಗಿರಬೇಕು, ಆಮೇಲೆ ಜಾಗ ಬಿಡಲು 60 ದಿನದ ನೋಟಿಸ್ ಕೊಡಬೇಕು. 2013ರ ಕಾಯ್ದೆಯಲ್ಲಿ ಪೂರ್ತಿ ಪರಿಹಾರ ಕೊಟ್ಟ ಮೇಲೆಯೇ ಸ್ವಾಧೀನ. ತುರ್ತು ಕಲಂ ಬಳಸಿದರೂ ಶೇ. 80 ಮೊದಲೇ ಕೊಡಬೇಕು. ಜೆಸಿಬಿಗೆ ಅಡ್ಡ ಮಲಗಬೇಡಿ. ಠೇವಣಿಯ ದಾಖಲೆ, ನೋಟಿಸ್ ತೋರಿಸಿ ಎಂದು ಕೇಳಿ, ವಿಡಿಯೋ ಮಾಡಿ, ಅದೇ ದಿನ ಜಿಲ್ಲಾಧಿಕಾರಿಗೆ ಮತ್ತು ಸಹಾಯಕ ಆಯುಕ್ತರಿಗೆ ಬರೆದು ಕೊಡಿ. ನಿಲ್ಲದಿದ್ದರೆ ಧಾರವಾಡದಲ್ಲಿ ರಿಟ್ ಅರ್ಜಿ.

ಸ್ವಾಧೀನವೇ ಮಾಡದೆ ರಸ್ತೆ ಮಾಡಿ ವರ್ಷಗಟ್ಟಲೆ ಆಗಿದ್ದರೂ ದಾರಿ ಮುಚ್ಚಿಲ್ಲ. ಹಿಮಾಚಲದ ಒಬ್ಬ ಅಜ್ಜಿಯ ಜಾಗವನ್ನು ಸರ್ಕಾರ 1967ರಲ್ಲಿ ಹೀಗೆಯೇ ತಗೊಂಡಿತ್ತು. ಇಷ್ಟು ವರ್ಷ ನಮ್ಮ ವಶದಲ್ಲಿದೆ, ಈಗ ನಮ್ಮದೇ ಎಂದು ಸರ್ಕಾರ ವಾದಿಸುವ ಹಾಗಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಪರಿಹಾರ ಕೊಡಿಸಿತು.

ನಮ್ಮದು ಹಳೇ ಪ್ರಕರಣ. ಈಗ ಏನಾದ್ರೂ ಮಾಡ್ಬಹುದಾ?

ಎಷ್ಟು ಹಳೆಯದು, ಯಾವ ಕಾಯ್ದೆ ಎಂಬುದರ ಮೇಲೆ ನಿಂತಿದೆ.

1986ರಲ್ಲಿ ಶಂಕುಸ್ಥಾಪನೆಯಾದ ಸೀಬರ್ಡ್‌ಗೆ ಜಾಗ ಹೋದದ್ದು ಹಳೇ 1894ರ ಕಾಯ್ದೆಯಲ್ಲಿ. ಅರ್ಗಾ, ಬಿಣಗಾ, ಚೆಂಡಿಯಾ ಕಡೆಯ ಮನೆಗಳಲ್ಲಿ ಅಜ್ಜ ಹಾಕಿದ ಪ್ರಕರಣವನ್ನು ಮೊಮ್ಮಗ ನಡೆಸಿದ್ದುಂಟು. 2013ರ ಕಾಯ್ದೆಯ ಕಲಂ 24(2) ಬಂದಾಗ ಹಳೇ ಸ್ವಾಧೀನವೇ ರದ್ದಾಗುತ್ತದೆ ಎಂದು ಬಹಳ ಜನ ಆಸೆ ಇಟ್ಟುಕೊಂಡರು. 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ಜಾಗವನ್ನು ವಶಕ್ಕೂ ಪಡೆಯದೆ, ಪರಿಹಾರವನ್ನೂ ಕೊಡದೆ ಇದ್ದರೆ ಮಾತ್ರ ರದ್ದು.

ಹೆದ್ದಾರಿಯವರಿಗೆ ಬೇರೆ ಸುದ್ದಿ ಇದೆ. 1997ರಿಂದ 2014ರ ಕೊನೆಯವರೆಗೆ ಹೆದ್ದಾರಿ ಕಾಯ್ದೆಯಲ್ಲಿ ಸೊಲೇಷಿಯಂ, ಬಡ್ಡಿ ಕೊಡುತ್ತಿರಲಿಲ್ಲ. ಅದು ಸಂವಿಧಾನಕ್ಕೆ ವಿರುದ್ಧ ಎಂದು 2019ರ ತರ್ಸೇಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆ ತೀರ್ಪು ಮುಂದಿನವರಿಗೆ ಮಾತ್ರ ಇರಲಿ ಎಂಬ ಹೆದ್ದಾರಿ ಪ್ರಾಧಿಕಾರದ ಬೇಡಿಕೆಯನ್ನು 2025ರ ಫೆಬ್ರವರಿಯಲ್ಲಿ ತಳ್ಳಿಹಾಕಿತು. ನಿಮ್ಮ ಹಳೇ ಐತೀರ್ಪಿನಲ್ಲಿ ಸೊಲೇಷಿಯಂ ಕಾಲಂ ಇಲ್ಲದಿದ್ದರೆ ಅದನ್ನು ಹಿಡಿದು ವಕೀಲರ ಹತ್ತಿರ ಹೋಗಿ. ಪೂರ್ತಿ ಮುಗಿದುಹೋದ ಪ್ರಕರಣಗಳಲ್ಲಿ ತೊಡಕು ಹೆಚ್ಚು, ಬಾಕಿ ಇರುವವರಿಗೆ ಇದು ನೇರ ಸಹಾಯ.

ಇನ್ನೊಂದು ತೀರ್ಪು ನಮ್ಮ ರಾಜ್ಯದ್ದೇ. ಬೆಂಗಳೂರು-ಮೈಸೂರು ಕಾರಿಡಾರ್‌ಗೆ ಕೆಐಎಡಿಬಿ 2003ರಲ್ಲಿ ಅಧಿಸೂಚನೆ ಹೊರಡಿಸಿ ಪರಿಹಾರ ಕೊಡದೆ ವರ್ಷಗಟ್ಟಲೆ ಎಳೆದಿತ್ತು. 2003ರ ದರ ಕೊಟ್ಟರೆ ನ್ಯಾಯವಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 2019ರ ಏಪ್ರಿಲ್ ದರ ಕೊಡಿಸಿತು. ಇದು ಕೋರ್ಟಿನ ವಿಶೇಷ ಅಧಿಕಾರದಲ್ಲಿ ಕೊಟ್ಟದ್ದು, ಎಲ್ಲರಿಗೂ ತಾನಾಗಿ ಬರುವುದಿಲ್ಲ. ಆದರೆ ವಾದಕ್ಕೆ ಗಟ್ಟಿ ಆಧಾರ.

ಜಾಗ ತಗೊಂಡು ವರ್ಷಗಟ್ಟಲೆ ಖಾಲಿ ಬಿಟ್ಟಿದ್ದಾರೆ. ವಾಪಸ್ ಕೇಳಬಹುದಾ?

2013ರ ಕಾಯ್ದೆಯಲ್ಲಿ ಸ್ವಾಧೀನ ಪಡೆದು ಐದು ವರ್ಷ ಬಳಸದೇ ಇದ್ದರೆ ಜಾಗವನ್ನು ಮೂಲ ಮಾಲೀಕರಿಗೋ ಸರ್ಕಾರದ ಭೂ ಬ್ಯಾಂಕಿಗೋ ಕೊಡಬೇಕು. ಇಬ್ಬರಲ್ಲಿ ಯಾರಿಗೆ ಎಂಬ ಆಯ್ಕೆ ಸರ್ಕಾರದ್ದು. ಹಳೇ ಕಾಯ್ದೆಯಲ್ಲಿ ಹೋದ ಜಾಗಕ್ಕೆ ಈ ಅವಕಾಶವೂ ಇಲ್ಲ.

ಹೈಟೆನ್ಷನ್ ಲೈನ್ ತೋಟದ ಮೇಲೆ ಹೋಗ್ತದೆ. ಜಾಗ ನಮ್ಮ ಹೆಸರಲ್ಲೇ ಉಳೀತದಂತೆ. ಹಾಗಾದ್ರೆ ಪರಿಹಾರ ಇಲ್ವಾ?

ಇದೆ. ಕೈಗಾ, ಶರಾವತಿಯಿಂದ ಹೊರಟ ಲೈನುಗಳ ಕೆಳಗೆ ಅಡಿಕೆ, ತೆಂಗು ಕಡಿಸಿಕೊಂಡವರಿಗೆ ಈ ನೋವು ಗೊತ್ತು. ಇಲ್ಲಿ ಸ್ವಾಧೀನ ಇಲ್ಲ, ಜಾಗ ನಿಮ್ಮದೇ, ಆದರೆ ಎತ್ತರದ ಮರ ಬೆಳೆಸುವ ಹಾಗಿಲ್ಲ. ಕಡಿದ ಮರ ಮತ್ತು ಬೆಳೆಯ ಪರಿಹಾರ ಬೇರೆ, ಜಾಗದ ಬೆಲೆ ಕುಸಿದದ್ದಕ್ಕೆ ಬೇರೆ. ಕೇಂದ್ರ ವಿದ್ಯುತ್ ಸಚಿವಾಲಯದ 2024ರ ಜೂನ್ ಮಾರ್ಗಸೂಚಿ ಟವರ್ ನಿಂತ ಜಾಗಕ್ಕೆ ಭೂಮಿಯ ಬೆಲೆಯ ಶೇ. 200, ತಂತಿಯ ಕೆಳಗಿನ ಪಟ್ಟಿಗೆ ಶೇ. 30 ಎನ್ನುತ್ತದೆ. 2015ರ ಮಾರ್ಗಸೂಚಿಯಲ್ಲಿ ಇದು ಶೇ. 85 ಮತ್ತು 15 ಇತ್ತು. ರಾಜ್ಯ ಯಾವ ಆದೇಶ ಅನುಸರಿಸುತ್ತಿದೆ ಎಂದು ಬರೆದು ಕೇಳಿ. ಮೊತ್ತ ಒಪ್ಪದಿದ್ದರೆ ಟೆಲಿಗ್ರಾಫ್ ಕಾಯ್ದೆಯಲ್ಲಿ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗಬಹುದು.

ಸಿಆರ್‌ಝಡ್ ಅಂತ ಮನೆ ಕಟ್ಟೋಕೆ ಬಿಡೋದಿಲ್ಲ. ಇದೂ ಜಾಗ ಕಸಿದುಕೊಂಡ ಹಾಗೇ ಅಲ್ವಾ?

ಸಿಟ್ಟು ನ್ಯಾಯವಾದದ್ದು. ಆದರೆ ಕಾನೂನು ಹಾಗೆ ನೋಡುವುದಿಲ್ಲ. 1991ರಿಂದ ಇರುವ ಕರಾವಳಿ ನಿಯಂತ್ರಣ ವಲಯದ ನಿಯಮ ಬಳಕೆಗೆ ಹಾಕಿದ ಮಿತಿ. ಅದಕ್ಕೆ ಪರಿಹಾರ ಇಲ್ಲ. ಆದರೆ ಮುಂದೆ ಅದೇ ಜಾಗವನ್ನು ಸರ್ಕಾರ ತಗೊಳ್ಳುವಾಗ ‘ಸಿಆರ್‌ಝಡ್ ಜಾಗ, ಬೆಲೆ ಇಲ್ಲ’ ಎಂದರೆ ಒಪ್ಪಬೇಡಿ. ಅದೇ ವಲಯದಲ್ಲಿ ನೋಂದಣಿಯಾದ ಕ್ರಯಪತ್ರ ಹುಡುಕಿ ತೋರಿಸಿ. ಮೀನುಗಾರರು ಮತ್ತು ಸ್ಥಳೀಯ ನಿವಾಸಿಗಳ ಮನೆಗೆ ನಿಯಮದಲ್ಲೇ ಕೆಲವು ರಿಯಾಯಿತಿಗಳಿವೆ, ತಿರಸ್ಕರಿಸಿದವರಿಂದ ಹಿಂಬರಹ (ಲಿಖಿತ ಉತ್ತರ) ಪಡೆಯಿರಿ.

ವಕೀಲರು ಹೆಚ್ಚಿಗೆ ಬಂದ ದುಡ್ಡಿನಲ್ಲಿ ಪಾಲು ಕೇಳ್ತಾರೆ. ಸರಿಯಾ?

ಸರಿಯಲ್ಲ. ಗೆದ್ದ ಮೊತ್ತದಲ್ಲಿ ಪಾಲು ಎಂದು ಶುಲ್ಕ ಗೊತ್ತು ಮಾಡುವುದನ್ನು ವಕೀಲರ ಪರಿಷತ್ತಿನ ನಿಯಮವೇ ನಿಷೇಧಿಸಿದೆ. ಶುಲ್ಕ ಎಷ್ಟು ಎಂದು ಮೊದಲೇ ಮಾತಾಡಿ ಬರೆಸಿಕೊಳ್ಳಿ, ರಸೀದಿ ಕೇಳಿ. ಖಾಲಿ ಚೆಕ್ಕಿಗೆ, ಬ್ಯಾಂಕಿನ ವಿತ್‌ಡ್ರಾ ಚೀಟಿಗೆ ಸಹಿ ಮಾಡಿ ಕೊಡಬೇಡಿ. ಕಚೇರಿ ಬಾಗಿಲಲ್ಲಿ ‘ಫೈಲು ನಾನು ಮಾಡಿಸಿಕೊಡ್ತೇನೆ’ ಎನ್ನುವವರ ಕೈಗೆ ಮೂಲ ದಾಖಲೆ ಹೋದರೆ ತಿರುಗಿ ಬರುವುದು ಕಷ್ಟ, ಪ್ರತಿ ಮಾತ್ರ ಕೊಡಿ.

ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು. ಉಳಿದವರಲ್ಲಿ ಹೆಚ್ಚಿನವರಿಗೆ ಆದಾಯ ಮಿತಿ ಇದೆ. ಕಾರವಾರದಲ್ಲಿ ಜಿಲ್ಲಾ ಪ್ರಾಧಿಕಾರ, ತಾಲ್ಲೂಕು ಕೋರ್ಟುಗಳಲ್ಲಿ ಸಮಿತಿ ಇದೆ. ಜಮೀನು ಅಮ್ಮನ ಹೆಸರಲ್ಲಿದ್ದರೆ ಅರ್ಜಿಯೂ ಅಮ್ಮನ ಹೆಸರಲ್ಲೇ ಹೋಗಲಿ.